ಎರಡು ಪದರದ ಗಾಜಿನ ಕಿಟಕಿ ಮಂಜಾಗಿದೆ: ಗಾಜು ಬದಲಿಸಬೇಕೋ, ಇಡೀ ಕಿಟಕಿಯೋ?

ಕುಶಾವತಿ_ದಡ:

ತೀರ್ಥಹಳ್ಳಿ ಪಕ್ಕದ ಹಳ್ಳಿಮನೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಒಂಬತ್ತು, 2014ರಲ್ಲಿ ಕೂರಿಸಿದ್ದು, ಎಲ್ಲದಕ್ಕೂ ಎರಡು ಪದರದ ಗಾಜು. ಏಳು ಹೊರಗೆ ತೆರೆಯುವ ಬಗೆ, ಎರಡು ಸ್ಲೈಡಿಂಗ್. ಪಡುವಣ ಗೋಡೆಯ ಮೂರು ಕಿಟಕಿಗಳಲ್ಲಿ ಬೆಳಿಗ್ಗೆ ಮಂಜು ಕಾಣುತ್ತೆ. ಒಳಗಿನಿಂದ ಒರೆಸಿದರೂ ಹೊರಗಿನಿಂದ ಒರೆಸಿದರೂ ಹೋಗಲ್ಲ, ಹೊತ್ತೇರಿದ ಮೇಲೆ ತಾನೇ ಮಾಯ. ಅದರಲ್ಲಿ ಒಂದಕ್ಕೆ ಕೆಳ ಅಂಚಿನಲ್ಲಿ ಬಿಳಿ ಪೊರೆ ಕೂತಿದೆ. ಇನ್ನೊಂದು ಕಿಟಕಿಯ ಬಾಗಿಲು ಇಳಿಬಿದ್ದು ಚೌಕಟ್ಟಿಗೆ ಉಜ್ಜುತ್ತೆ. ಸ್ಲೈಡಿಂಗ್ ಎರಡರಲ್ಲೂ ಎರಚಲು ಹೊಡೆದಾಗ ಟ್ರ್ಯಾಕಿನಿಂದ ನೀರು ಒಳಗೆ ಚೆಲ್ಲುತ್ತೆ.

ಕಿಟಕಿ ಮಾಡುವವರನ್ನು ಕೇಳಿದರೆ "ಹಳೇದಾಯ್ತು, ಒಂಬತ್ತನ್ನೂ ತೆಗೆಸಿಬಿಡಿ" ಅಂತಾರೆ. ವಯಸ್ಸು ನೋಡಿ ಬದಲಿಸೋದು ಸರಿಯಾ? ಯಾವುದನ್ನು ಉಳಿಸಬಹುದು, ಯಾವುದು ಕೈಬಿಟ್ಟ ಲೆಕ್ಕ? ಬರುವ ಮೃಗಶಿರಾ ಮಳೆ ಹಿಡಿಯೋದರೊಳಗೆ ಕೆಲಸ ಮುಗಿಯಬೇಕು.

ಗಾಜು_ಬೀಡಿಂಗ್:

ವಯಸ್ಸು ನೋಡಿ ತೆಗೆಸಬೇಡಿ. ಮಂಜು, ಇಳಿಬಿದ್ದ ಬಾಗಿಲು, ಟ್ರ್ಯಾಕಿನ ನೀರು, ಮೂರೂ ಬೇರೆ ಬೇರೆ ಭಾಗದ ತೊಂದರೆ. ಮಂಜಿಗೆ ಗಾಜು ಮಾತ್ರ ಸಾಕು. ಇಳಿಬಿದ್ದದ್ದಕ್ಕೆ ಬಹುಪಾಲು ಬಿಲ್ಲೆ (ಗಾಜಿನ ಅಂಚಿಗೆ ಕೊಡುವ ಪ್ಲಾಸ್ಟಿಕ್ ತುಂಡು) ಮತ್ತು ಕೀಲಿನ ಕೆಲಸ. ನೀರಿನ ವಿಷಯ ಮಾತ್ರ ಪರೀಕ್ಷೆ ಮಾಡದೆ ಹೇಳೋಕಾಗಲ್ಲ, ಮಲೆನಾಡಲ್ಲಿ ಕಿಟಕಿಯ ಹಣೆಬರಹ ಬರೆಯೋದು ಅದೇ.

ಮೊದಲು ಮಂಜು ಎಲ್ಲಿ ಕೂತಿದೆ ಅಂತ ಖಚಿತ ಮಾಡಿಕೊಳ್ಳಿ. ಒಳಮೈ ಮೇಲಿದ್ದರೆ ಅದು ಮನೆಯ ತೇವ: ಮಳೆಗಾಲದಲ್ಲಿ ಕೋಣೆಯೊಳಗೆ ಬಟ್ಟೆ ಒಣಗಹಾಕಿದ್ದು, ಬಚ್ಚಲಿನ ಹಬೆ. ಹೊರಮೈ ಮೇಲಿದ್ದರೆ ಎಸಿಯಿಂದ ಗಾಜು ತಣ್ಣಗಾಗಿದೆ, ಅಷ್ಟೆ. ಎರಡೂ ಕಿಟಕಿಯ ದೋಷ ಅಲ್ಲ. ಎರಡು ಗಾಜಿನ ನಡುವೆ ಇದ್ದರೆ ಮಾತ್ರ ಅಂಚಿನ ಸೀಲು ಹೋಗಿದೆ. ಗಾಜುಗಳ ನಡುವೆ ಸುತ್ತಲೂ ಇರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ತೇವ ಹೀರುವ ಸಣ್ಣ ಕಾಳು ತುಂಬಿರುತ್ತಾರೆ. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್. ಸೀಲಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಕಾಳು ಸ್ವಲ್ಪ ಕಾಲ ತೇವ ಹೀರುತ್ತಾ ದೋಷ ಮುಚ್ಚಿಡುತ್ತೆ. ಕಾಳಿನ ಹೊಟ್ಟೆ ತುಂಬಿದ ಮೇಲೆ ಮಂಜು ಕಣ್ಣಿಗೆ ಬೀಳುತ್ತೆ. ಬೆಳಿಗ್ಗೆ ಬಂದು ಹೊತ್ತೇರಿದ ಮೇಲೆ ಹೋಗೋದು ಇದರ ಮೊದಲ ಹಂತ, ಮಾಯವಾಯ್ತು ಅಂದರೆ ವಾಸಿಯಾಯ್ತು ಅಂತಲ್ಲ. ಬಿಳಿ ಪೊರೆ ಕೊನೆಯ ಹಂತ: ನೀರು ನಿಂತು ಗಾಜಿನ ಮೈಯನ್ನೇ ತಿಂದಿರುತ್ತೆ. ಗಾಜು ಬಿಚ್ಚಿ ತೊಳೆದರೂ ಆ ಕಲೆ ಹೋಗಲ್ಲ.

ಉಳಿದ ಆರರಲ್ಲಿ ಯಾವುದು ಹೋಗುತ್ತಿದೆ ಅಂತ ಈಗಲೇ ನೋಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಒಳಗಾಜಿಗೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ತೆಗೆದ ತಕ್ಷಣ ಈಚೆ ಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಬಿಡಿ. ಒರೆಸಿದ ಮೇಲೂ ಆ ಜಾಗದಲ್ಲಿ ಮಂಜಿನ ಮಚ್ಚೆ ನಿಂತಿದ್ದರೆ ನಡುವಿನ ಗಾಳಿಗೆ ತೇವ ಸೇರಿದೆ.

ಮಂಜಾದ ಮಾತ್ರಕ್ಕೆ ಅವಸರ ಬೇಡ. ಯು ಮೌಲ್ಯ ಅಂದರೆ ಗಾಜು ಎಷ್ಟು ಶಾಖ ದಾಟಿಸುತ್ತೆ ಅನ್ನೋ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೇದು. ಒಂಟಿ 6 ಮಿಮೀ ಗಾಜಿಗೆ ಅದು ಸುಮಾರು 5.7, ಸಾದಾ 6-12-6 (6 ಮಿಮೀ ಗಾಜು, 12 ಮಿಮೀ ಗಾಳಿ, ಮತ್ತೆ 6 ಮಿಮೀ ಗಾಜು) ಆದರೆ ಸುಮಾರು 2.8. ಸೀಲು ಹೋದರೂ ನಡುವಿನ ಗಾಳಿ ಇದ್ದೇ ಇರುವುದರಿಂದ ಈ ಗುಣದ ಬಹುಪಾಲು ಉಳಿಯುತ್ತೆ. ಶಬ್ದ ತಡೆಯೋದೂ ಹಾಗೇ.

ಈಗ ಮುಖ್ಯ ಮಾತು. ಪಡುವಣದ ಮೂರೇ ಏಕೆ ಹೋದವು? ಗಾಜಿನ ಕೆಳ ಅಂಚು ನೀರಲ್ಲಿ ನಿಂತಿದೆ, ಅದಕ್ಕೇ ಇರಬೇಕು ಅಂತ ನನ್ನ ಅನುಮಾನ. ಬೀಡಿಂಗ್ (ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಪಟ್ಟಿ) ದಾಟಿ ಒಂದಿಷ್ಟು ನೀರು ಒಳಗೆ ಇಳಿಯೋದು ಸಹಜ, ಅದಕ್ಕೇ ಕೆಳಗೆ ನೀರು ಹೊರಹೋಗುವ ಕಿಂಡಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ 5 ಮಿಮೀ ಎತ್ತರ, 25ರಿಂದ 30 ಮಿಮೀ ಉದ್ದ. ನಮ್ಮ ಕಡೆ ಅದು ಕಣಜದ ಮಣ್ಣಿನ ಗೂಡು, ಪಾಚಿ, ಸುಣ್ಣದ ಪುಡಿಯಿಂದ ಕಟ್ಟಿಕೊಳ್ಳುತ್ತೆ. ಕೆಲವೆಡೆ ಪೇಂಟ್ ಮಾಡುವವರು "ನೀರು ಬರುತ್ತೆ" ಅಂತ ಸಿಲಿಕೋನ್ ತುಂಬಿ ಮುಚ್ಚಿರುತ್ತಾರೆ. ಪಾಲಿಸಲ್ಫೈಡ್ ಆಗಲಿ ಬ್ಯುಟೈಲ್ ಆಗಲಿ ತಿಂಗಳುಗಟ್ಟಲೆ ನೀರಲ್ಲಿ ನೆನೆದರೆ ಬಾಳಲ್ಲ. ಕಿಂಡಿ ಬಿಡಿಸದೆ ಹೊಸ ಗಾಜು ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತೆ. ಆದ್ದರಿಂದ ಮೊದಲು ತೆಳು ತಂತಿ ಹಾಕಿ ಬಿಡಿಸಿ, ಒಳಗಿನಿಂದ ಒಂದು ಲೋಟ ನೀರು ಹೊಯ್ದು ಹೊರಗೆ ಸರಾಗ ಬರುತ್ತಾ ನೋಡಿ.

ಸ್ಲೈಡಿಂಗಿನ ನೀರು: ಕಿಂಡಿ ಸರಿ ಇದ್ದರೂ ಗಾಳಿಯ ಒತ್ತಡ ನೀರನ್ನು ಹೊರಗೆ ಹೋಗದ ಹಾಗೆ ತಳ್ಳಿ ಹಿಡಿಯುತ್ತೆ. ಗಂಟೆಗೆ 45 ಕಿಮೀ ಗಾಳಿಗೆ ಸುಮಾರು 100 ಪ್ಯಾಸ್ಕಲ್ ಒತ್ತಡ, ಅಂದರೆ ಟ್ರ್ಯಾಕಲ್ಲಿ 10 ಮಿಮೀ ನೀರು ನಿಲ್ಲುತ್ತೆ. 65 ಕಿಮೀ ಆದರೆ 20 ಮಿಮೀ. ಟ್ರ್ಯಾಕಿನ ಒಳದಂಡೆ ಇದಕ್ಕಿಂತ ಗಿಡ್ಡ ಇದ್ದರೆ ನೀರು ಒಳಗೆ ಚೆಲ್ಲಲೇಬೇಕು. ಅಳೆದು ನೋಡಿ.

ಬಾಗಿಲು ಇಳಿದ ಕಿಟಕಿಗೆ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ಮೂಲೆಯ ಬೆಸುಗೆಯಲ್ಲಿ ಬಿರುಕು ಇದೆಯಾ, ಕಿಂಡಿಯಿಂದ ತುಕ್ಕು ನೀರು ಇಳಿದ ಗುರುತು ಇದೆಯಾ, ಇದನ್ನು ಒಂಬತ್ತಕ್ಕೂ ನೋಡಿ ಬರೆಯಿರಿ.

ಮರಗೆಲಸ_ಸಾಗರ:

ಒಂದು ಮಾತು ಸೇರಿಸ್ತೀನಿ. ಕಿಟಕಿಯನ್ನು ದೂರುವ ಮೊದಲು ಗೋಡೆ ನೋಡಿ ಮಾರಾಯ್ರೆ. ಜಂಬಿಟ್ಟಿಗೆ ಗೋಡೆಯಾದರೆ ಕಲ್ಲೇ ನೀರು ಕುಡಿಯುತ್ತೆ. ಗಿಲಾವಿನ ಬಿರುಕಲ್ಲಿ ಇಳಿದ ನೀರು ಚೌಕಟ್ಟಿನ ತಲೆಗೆ ಬಂದು ಒಳಗೆ ತೊಟ್ಟಿಕ್ಕಿದರೆ ಎಲ್ಲರೂ ಕಿಟಕಿ ಸೋರುತ್ತೆ ಅಂತಾರೆ. ಹೊಸ ಕಿಟಕಿ ಹಾಕಿದರೂ ಆ ಸೋರಿಕೆ ನಿಲ್ಲಲ್ಲ.

ಪೈಪ್ ಹಿಡಿದು ನೀರು ಬಿಟ್ಟು ನೋಡಿ, ಆದರೆ ಕೆಳಗಿನಿಂದ ಮೇಲಕ್ಕೆ. ಮೊದಲು ಕಿಟಕಿಯ ಕೆಳದಂಡೆಗೆ ಐದು ನಿಮಿಷ, ಆಮೇಲೆ ಎರಡೂ ಪಕ್ಕಕ್ಕೆ, ಆಮೇಲೆ ಗಾಜಿನ ಅಂಚಿಗೆ, ಕೊನೆಗೆ ಮೇಲಿನ ಗೋಡೆ ಮತ್ತು ಸಜ್ಜಾ. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಬೇಕು. ಮೇಲಿನಿಂದ ಶುರು ಮಾಡಿದರೆ ಇಳಿದ ನೀರು ಎಲ್ಲವನ್ನೂ ನೆನೆಸಿಬಿಡುತ್ತೆ, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಸಜ್ಜಾದ ಅಡಿಯಲ್ಲಿ ನೀರು ಕಡಿಯುವ ಗೀರು ಇಲ್ಲದಿದ್ದರೆ ನೀರು ಅದರ ಹೊಟ್ಟೆ ಹಿಡಿದು ಗೋಡೆಗೆ ಬರುತ್ತೆ. ಕಿಟಕಿಯ ಕೆಳದಂಡೆ ಹೊರಕ್ಕೆ ಇಳಿಜಾರಿರಬೇಕು. ಚೌಕಟ್ಟು ಮತ್ತು ಗೋಡೆಯ ನಡುವಿನ ಫೋಮ್ ಎಲ್ಲೂ ಬರಿಮೈಯಲ್ಲಿ ಕಾಣಬಾರದು, ಅದು ಬಿಸಿಲಿಗೆ ಪುಡಿಯಾಗಿ ಮಳೆಗೆ ನೀರು ಹೀರುತ್ತೆ.

ಮರದ ಚೌಕಟ್ಟಿಗೆ ಎರಡು ಪದರದ ಗಾಜು ಹಾಕಿಸಿದವರಿಗೂ ಒಂದು ಎಚ್ಚರಿಕೆ. ಅಗಸೆ ಎಣ್ಣೆಯ ಪುಟ್ಟಿ ಬಳಸಬೇಡಿ, ಎಣ್ಣೆ ಬ್ಯುಟೈಲನ್ನು ಕರಗಿಸುತ್ತೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕೂಡ ಅಂಚಿನ ಸೀಲಿಗೆ ಆಗಿಬರಲ್ಲ, ನ್ಯೂಟ್ರಲ್ ಸಿಲಿಕೋನ್ ಅಂತ ಡಬ್ಬಿ ಮೇಲೆ ಓದಿ ತನ್ನಿ. ಮರ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗೋದು ಸಹಜ, ಆಗಲೇ ಹೆರೆಸಿದರೆ ಬೇಸಿಗೆಗೆ ಸಂದು ಬೀಳುತ್ತೆ. ಕೆಳ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಕುಂಬಾಗಿದೆ, ಗಾಜಿನ ಭಾರ ಹೊರಲ್ಲ, ಅಲ್ಲಿ ಮಾತ್ರ ಚೌಕಟ್ಟು ಬದಲಿಸಲೇಬೇಕು.

ಕುಶಾವತಿ_ದಡ:

ಇಬ್ಬರಿಗೂ ತುಂಬಾ ಉಪಕಾರ. ನೋಡಿದ್ದು ಇಷ್ಟು. ಮಂಜಾದ ಮೂರರಲ್ಲೂ ಕಿಂಡಿ ಪೂರ್ತಿ ಕಟ್ಟಿತ್ತು, ಬಿಡಿಸಿದಾಗ ಕಪ್ಪು ನೀರು ಬಂತು. ಐಸ್ ಇಟ್ಟು ನೋಡಿದರೆ ಉಳಿದ ಆರರಲ್ಲಿ ಮಚ್ಚೆ ಇಲ್ಲ. ಇಳಿಬಿದ್ದ ಕಿಟಕಿಯ ಚೌಕಟ್ಟಿನ ಕರ್ಣಗಳ ವ್ಯತ್ಯಾಸ 2 ಮಿಮೀ. ಸ್ಲೈಡಿಂಗ್ ಒಂದರ ಟ್ರ್ಯಾಕ್ ದಂಡೆ 12 ಮಿಮೀ ಎತ್ತರ, ಕೆಳಮೂಲೆಯ ಬೆಸುಗೆ ಬಿಟ್ಟಿದೆ, ತುಕ್ಕು ನೀರೂ ಇಳಿದಿದೆ. ಇನ್ನೊಂದರದ್ದೂ ದಂಡೆ ಅಷ್ಟೇ, ಆದರೆ ಮೂಲೆ ಗಟ್ಟಿ ಇದೆ, ಅದಕ್ಕೆ ಮೇಲೆ ಅಗಲವಾದ ಸಜ್ಜಾ ಇದೆ. ಗೋಡೆ ಕಡೆಯಿಂದ ಸೋರಿಕೆ ಇಲ್ಲ. ಗಾಜಿಗೆ ತೂತು ಕೊರೆದು ಒಣಗಿಸಿ ಕೊಡ್ತೀವಿ ಅಂತ ಒಬ್ಬರು ಹೇಳಿದರು, ಅದು ಆಗುತ್ತಾ?

ಗಾಜು_ಬೀಡಿಂಗ್:

ಬೇಡವೇ ಬೇಡ. ಮೂಲೆಯಲ್ಲಿ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಂತ ಮುದ್ರೆ ಇರುವ ಗಾಜಿಗೆ ತೂತು ಕೊರೆಯೋಕೆ ಹೋದರೆ ಇಡೀ ಗಾಜು ಪುಡಿ ಪುಡಿ. ಸಾದಾ ಗಾಜಾದರೂ ನಮ್ಮ ಆಷಾಢದ ಗಾಳಿಯಲ್ಲಿ ಆ ತೂತಿನಿಂದ ಒಣಗಾಳಿ ಎಲ್ಲಿಂದ ಬರಬೇಕು?

ನಿಮ್ಮ ಲೆಕ್ಕ ಸ್ಪಷ್ಟ ಇದೆ. ಬೆಸುಗೆ ಬಿಟ್ಟ ಸ್ಲೈಡಿಂಗ್ ಒಂದನ್ನು ಪೂರ್ತಿ ತೆಗೆಸಿ. ಒಳಗಿನ ಬಲವರ್ಧನೆಯ ಕಬ್ಬಿಣಕ್ಕೆ ನೀರು ತಾಗಿದೆ, ಸಿಲಿಕೋನ್ ಬಳಿದು ಮುಚ್ಚಿದರೆ ನೀರು ಒಳಗೇ ಉಳಿಯುತ್ತೆ. ಆ ಜಾಗಕ್ಕೆ ಮತ್ತೆ ಸ್ಲೈಡಿಂಗ್ ಹಾಕಿಸಬೇಡಿ. ಸ್ಲೈಡಿಂಗಿಗೆ ಇರೋದು ಕುಚ್ಚಿನ ಪಟ್ಟಿ, ಗಾಳಿ ನೀರು ಎರಡನ್ನೂ ಒಂದು ಮಟ್ಟಿಗೆ ಬಿಡುತ್ತೆ. ಹೊರಗೆ ತೆರೆಯುವ ಕಿಟಕಿ ಮುಚ್ಚಿದಾಗ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಒತ್ತಿಕೊಳ್ಳುತ್ತೆ, ಎರಚಲು ಹೊಡೆಯುವ ಗೋಡೆಗೆ ಅದೇ ಸರಿ. ಎರಡನೇ ಸ್ಲೈಡಿಂಗನ್ನು ಉಳಿಸಿ: ಕುಚ್ಚಿನ ಪಟ್ಟಿ, ರೋಲರ್ ಬದಲಿಸಿ, ಕಿಂಡಿ ಬಿಡಿಸಿ. ಜೋರು ಗಾಳಿಯಲ್ಲಿ ಒಂದಿಷ್ಟು ನೀರು ಬಂದೇ ಬರುತ್ತೆ, ಅದು ಆ ವಿನ್ಯಾಸದ ಮಿತಿ.

ಇಳಿಬಿದ್ದ ಬಾಗಿಲಿಗೆ: 2 ಮಿಮೀ ವ್ಯತ್ಯಾಸ ಏನೂ ಅಲ್ಲ, ಚೌಕಟ್ಟು ಚೆನ್ನಾಗಿದೆ. ಬೀಡಿಂಗ್ ಬಿಚ್ಚಿ ಗಾಜಿನ ಕೆಳಗಿನ ಪ್ಲಾಸ್ಟಿಕ್ ಬಿಲ್ಲೆ ನೋಡಿ. ಕೆಳಗಡೆ ಬಿಲ್ಲೆ ಕೀಲಿನ ಬದಿಗೆ, ಮೇಲುಗಡೆ ಬಿಲ್ಲೆ ಹಿಡಿಕೆಯ ಬದಿಗೆ, ಹೀಗೆ ಓರೆಯಾಗಿ ಬಿಗಿಯಬೇಕು. ಆಗ ಗಾಜೇ ಬಾಗಿಲನ್ನು ಎತ್ತಿ ಹಿಡಿಯುತ್ತೆ. ಬಿಲ್ಲೆ ಎರಡೂ ಗಾಜಿನ ಅಡಿಗೆ ಪೂರ್ತಿ ಬರುವಷ್ಟು ಅಗಲ ಇರಲಿ. ಒಂದೇ ಗಾಜನ್ನು ಹೊತ್ತರೆ ಇನ್ನೊಂದು ಜಾರಿ ಸೀಲು ಕಿತ್ತುಕೊಳ್ಳುತ್ತೆ. ಕಿಂಡಿಯ ಮೇಲೆ ಬಿಲ್ಲೆ ಕೂರಬಾರದು. ಫ್ರಿಕ್ಷನ್ ಸ್ಟೇ (ಬಾಗಿಲನ್ನು ಹೊತ್ತು ತೆರೆಯುವ ಮಡಿಸುವ ಕೀಲು) ತುಕ್ಕು ಹಿಡಿದಿದ್ದರೆ 304 ದರ್ಜೆಯ ಸ್ಟೀಲಿನದು ಹಾಕಿ. ಹಳೆಯದನ್ನೇ ಅಂಗಡಿಗೆ ಒಯ್ದು ಉದ್ದ, ಮಡಿಸಿದಾಗಿನ ದಪ್ಪ, ತೂತಿನ ಅಂತರ ಮೂರೂ ಹೊಂದಿಸಿ.

ಘಟ್ಟದಮೇಲೆ:

ಗಾಜು ಮಾಡಿಸುವಾಗ ಒಂದು ವಿಷಯ. ಎರಡು ಗಾಜಿನ ನಡುವೆ ಮುಚ್ಚಿಹೋಗೋದು ಕಾರ್ಖಾನೆಯ ಊರಿನ ಗಾಳಿ. ಕರಾವಳಿಯಲ್ಲಿ ಮುಚ್ಚಿದ ಗಾಜನ್ನು 600 ಮೀಟರ್ ಎತ್ತರಕ್ಕೆ ತಂದರೆ ಹೊರಗಿನ ಒತ್ತಡ ಸುಮಾರು 7 ಶೇಕಡಾ ಕಡಿಮೆ, ಗಾಜು ಹೊರಕ್ಕೆ ಉಬ್ಬುತ್ತೆ. ಇನ್ನೂ ಎತ್ತರದ ಬೆಂಗಳೂರಿಂದ ಬಂದದ್ದು ಇಲ್ಲಿ ಸ್ವಲ್ಪ ಒಳಕ್ಕೆ ಬಾಗುತ್ತೆ. ದೊಡ್ಡ ಗಾಜು ಬಾಗಿ ಸುಧಾರಿಸಿಕೊಳ್ಳುತ್ತೆ. ಗೇಣಗಲದ ಕಿರಿದಾದ ಗಾಜು ಬಾಗಲ್ಲ, ಆ ಒತ್ತಡವೆಲ್ಲ ಸೀಲಿನ ಮೇಲೆ. ಬಚ್ಚಲಿನ ಕಿರುಕಿಟಕಿಗೆ ಎರಡು ಪದರ ಬೇಕೇ ಅಂತ ಯೋಚಿಸಿ, ನನ್ನ ಪ್ರಕಾರ ಬೇಡ.

ದಪ್ಪ ಹೆಚ್ಚಿಸುವ ಆಸೆಗೂ ಬೀಳಬೇಡಿ. ಹಳೆಯದು 5-12-5 ಆದರೆ ಒಟ್ಟು 22 ಮಿಮೀ, ಅದರ ಬದಲು 6-12-6 ಹಾಕಿದರೆ 24 ಮಿಮೀ, ಹಳೆ ಬೀಡಿಂಗ್ ಹಿಡಿಯಲ್ಲ. ತೂಕವೂ ಏರುತ್ತೆ: ಪ್ರತಿ ಮಿಮೀ ದಪ್ಪಕ್ಕೆ ಚದರ ಮೀಟರಿಗೆ 2.5 ಕೆಜಿ. 600×1200ರ ಬಾಗಿಲಿಗೆ ಮೊದಲಿನದು 18 ಕೆಜಿ, ಎರಡನೆಯದು 21.6 ಕೆಜಿ, ಸ್ಟೇ ಮೇಲೆ ಅಷ್ಟೂ ಭಾರ.

ಕುಶಾವತಿ_ದಡ:

ಆರ್ಡರ್ ಕೊಡುವಾಗ ಏನೇನು ಬರೆಸಬೇಕು?

ಗಾಜು_ಬೀಡಿಂಗ್:

ಹಳೆ ಗಾಜಿನ ಅಂಚಿನ ಪಟ್ಟಿ ಮೇಲೆ ಮುದ್ರಿಸಿದ ಅಕ್ಷರ ಇದ್ದರೆ ಫೋಟೊ ತೆಗೆಯಿರಿ, ಎಷ್ಟೋ ಸಲ ತಯಾರಾದ ತಿಂಗಳು, ವರ್ಷ ಅಲ್ಲೇ ಇರುತ್ತೆ. ವಾರಂಟಿ ಕೇಳೋಕೆ ಅದು ಬೇಕು. ಬೀಡಿಂಗನ್ನು ಮೊಂಡು ಪುಟ್ಟಿ ಬ್ಲೇಡಿನಿಂದ ಉದ್ದನೆ ಪಟ್ಟಿಯ ನಡುವಿನಿಂದ ಎಬ್ಬಿಸಿ, ಗಾಜಿನ ಮೂಲೆಗೆ ಲೋಹ ತಾಗಬಾರದು. ನಾಲ್ಕು ಪಟ್ಟಿಗೂ ಪೆನ್ಸಿಲಲ್ಲಿ ಗುರುತು ಹಾಕಿ, ಮರಳಿ ಕೂರಿಸುವಾಗ ಗಿಡ್ಡವು ಮೊದಲು. ಚೌಕಟ್ಟಿನಲ್ಲಿ ಗಾಜು ಕೂರುವ ಜಾಗದ ಅಗಲ ಎತ್ತರ ಮೂರು ಮೂರು ಕಡೆ ಅಳೆದು ಕಡಿಮೆಯದನ್ನು ಹಿಡಿದು, ಅದರಲ್ಲಿ 10 ಮಿಮೀ ಕಳೆಯಿರಿ, ಸುತ್ತ 5 ಮಿಮೀ ಸಂದು ಸಿಗುತ್ತೆ. ತೆಗೆದ ಗಾಜನ್ನೂ ಅಳೆದು ತಾಳೆ ನೋಡಿ. ಟಫನ್ಡ್ ಗಾಜನ್ನು ಆಮೇಲೆ ಒಂದು ಮಿಮೀ ಕೂಡ ಕತ್ತರಿಸೋಕಾಗಲ್ಲ.

ಚೀಟಿಯಲ್ಲಿ ಹೀಗೆ ಇರಲಿ: ಅಗಲ × ಎತ್ತರ ಮಿಮೀಯಲ್ಲಿ, ಒಟ್ಟು ದಪ್ಪ, 5-12-5, ಎರಡೂ ಟಫನ್ಡ್, ಬ್ಯುಟೈಲ್ ಮತ್ತು ಪಾಲಿಸಲ್ಫೈಡ್ ಎರಡೂ ಸೀಲು, ಮಂಜಿನ ವಾರಂಟಿ ಎಷ್ಟು ವರ್ಷ. ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಅದೂ ಹೊಸದು, ಮೂಲೆಯಲ್ಲಿ ಎಳೆದು ಹಾಕಿಸಬೇಡಿ, ಎಳೆದದ್ದು ಕುಗ್ಗಿ ಮೂಲೆಯಲ್ಲೇ ಬಾಯಿ ಬಿಡುತ್ತೆ. ಫೆಬ್ರವರಿಯಲ್ಲಿ ಅಳತೆ ಕೊಟ್ಟರೆ ಮಾರ್ಚ್, ಏಪ್ರಿಲಲ್ಲಿ ಗೋಡೆ ಒಣಗಿರುವಾಗ ಸಿಲಿಕೋನ್ ಹಿಡಿಯುತ್ತೆ. ಮೊದಲು ಕೂರಿಸಬೇಕಾದ್ದು ಸ್ಲೈಡಿಂಗ್ ತೆಗೆದ ಜಾಗದ ಹೊಸ ಕಿಟಕಿ. ಮಂಜಿನ ಗಾಜು ತಡವಾದರೂ ನಡೆಯುತ್ತೆ, ಕಿಂಡಿ ಬಿಡಿಸಿ ಇಟ್ಟಿದ್ದೀರಲ್ಲ.