ಹಾಳೆ ತಟ್ಟೆ ಎಕ್ಸ್‌ಪೋರ್ಟ್: ವೆಬ್‌ಸೈಟ್‌ಗೆ 45 ಸಾವಿರ ಹಾಕಬೇಕಾ?

ಸಾಗರದ ಹಾಳೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಘಟಕ ಇದೆ. ನಾಲ್ಕು ಮಶೀನು, ಆರು ಜನ ಕೆಲಸದವರು. ಇಷ್ಟು ದಿನ ಬೆಂಗಳೂರಿನ ಕೇಟರಿಂಗ್‌ನವರಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದೆವು. ಹೋದ ತಿಂಗಳು ಅಮೆರಿಕದ ನ್ಯೂಜೆರ್ಸಿಯಿಂದ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಹಾಕಿದರು. 10 ಇಂಚಿನ ಚೌಕ ತಟ್ಟೆ 20,000 ಬೇಕಂತೆ, ಮೊದಲು ಸ್ಯಾಂಪಲ್ ಕಳಿಸಿ ಅಂದಿದ್ದಾರೆ.

ವೆಬ್‌ಸೈಟ್ ಇಲ್ಲದಿದ್ದರೆ ಹೊರದೇಶದವರು ನಂಬಲ್ಲ ಅಂತ ಒಬ್ಬರು 45,000 ರೂಪಾಯಿಗೆ ಕೊಟೇಶನ್ ಕೊಟ್ಟಿದ್ದಾರೆ. ಐಇಸಿ (ರಫ್ತಿಗೆ ಬೇಕಾದ ಸರಕಾರಿ ಕೋಡ್) ಮಾಡಿಸಿಕೊಡಲು ಬೇರೆ 8,000. ಅಪ್ಪ ಅಂತೂ "ಆ ದುಡ್ಡಿಗೆ ತಟ್ಟೆ ಒತ್ತುವ ಇನ್ನೊಂದು ಡೈ (ಅಚ್ಚು) ಬರುತ್ತೆ" ಅಂತ ಕೂತಿದ್ದಾರೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಡಿಜಿಟಲ್ ದಾರಿ:

ಖಂಡಿತ ವೆಬ್‌ಸೈಟ್ ಮಾಡಿಸಿ ಸಾರ್. ಈಗಿನ ಕಾಲದಲ್ಲಿ ಗೂಗಲ್‌ನಲ್ಲಿ ಇಲ್ಲದವನು ಎಲ್ಲೂ ಇಲ್ಲ. 45 ಜಾಸ್ತಿ ಏನಲ್ಲ.

ಪುತ್ತೂರಿನ ಅಕ್ಕ:

ತಮ್ಮಾ, ಸ್ವಲ್ಪ ತಡೆಯಿರಿ. ವೆಬ್‌ಸೈಟ್ ಮಾತು ಆಮೇಲೆ. ಮೊದಲು ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎಯ ವೆಬ್‌ಸೈಟ್‌ಗೆ ಹೋಗಿ, ಅಡಿಕೆ ಹಾಳೆ ತಟ್ಟೆಯ ಬಗ್ಗೆ ಏನು ಬರೆದಿದ್ದಾರೆ ಓದಿ. ಹಾಳೆಯಲ್ಲಿರುವ ಅರೆಕೋಲಿನ್ ಥರದ ಹಾನಿಕಾರಕ ಅಂಶಗಳು ಊಟಕ್ಕೆ ಇಳಿಯಬಹುದು, ಆದ್ದರಿಂದ ಅಲ್ಲಿ ಈ ತಟ್ಟೆ ಮಾರಬಾರದು ಅಂತ 2025ರ ಮೇ ತಿಂಗಳಲ್ಲೇ ಹೇಳಿದ್ದಾರೆ. ನಮ್ಮಜ್ಜಿ ಹಾಳೆಯಲ್ಲೇ ಉಂಡು 91 ವರ್ಷ ಬದುಕಿದರು. ಆದರೆ ಅದನ್ನು ಅಲ್ಲಿನ ಬಂದರಿನಲ್ಲಿ ಕೇಳುವವರು ಯಾರು ಮಾರಾಯ್ರೇ? ಸರಕು ಅಲ್ಲಿ ನಿಂತರೆ ವಾಪಸ್ ತರಿಸುವ ಖರ್ಚಿನಲ್ಲಿ ನಿಮ್ಮ ಮಶೀನು ಹೋಗುತ್ತದೆ.

ನಮ್ಮದು ಒಂಬತ್ತು ಮಶೀನು. ನಾನು, ಗಂಡ, ನಾದಿನಿ ಸೇರಿ ನಡೆಸುತ್ತೇವೆ. ಯುರೋಪಿನಲ್ಲಿ 2021ರ ಜುಲೈಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಚಮಚ ನಿಷೇಧವಾಯಿತಲ್ಲ, ನಮಗೆ ಜರ್ಮನಿಯ ಒಬ್ಬ ಗಿರಾಕಿ ಸಿಕ್ಕಿದ್ದು ಆ ಹೊತ್ತಿಗೆ. ಇವತ್ತಿಗೂ ನಮಗೆ ವೆಬ್‌ಸೈಟ್ ಇಲ್ಲ. ಒಂದು ಫೋನು, ಒಂದು ಹಳೇ ಲ್ಯಾಪ್‌ಟಾಪು, ಅಷ್ಟೇ.

ಅವನು ನಿಜವಾದ ಗಿರಾಕಿಯೋ ಅಲ್ಲವೋ ಅಂತ ನೋಡಿದ್ದೂ ಆನ್‌ಲೈನಿನಲ್ಲೇ. ಜರ್ಮನಿಯ ಕಂಪನಿಗಳ ಸರಕಾರಿ ರಿಜಿಸ್ಟರನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇಂಗ್ಲೆಂಡಿನದ್ದೂ ಹಾಗೆಯೇ. ಅವರು ನಮ್ಮನ್ನು ನಂಬಬೇಕು ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ, ಅವರನ್ನು ನಾವು ನಂಬಬಹುದಾ ಅಂತ ನೋಡುವುದೇ ಇಲ್ಲ.

ವೆಬ್‌ಸೈಟ್ ಇಲ್ಲದೆ ಅವರಿಗೆ ನಮ್ಮ ಮೇಲೆ ನಂಬಿಕೆ ಹೇಗೆ ಬಂತು ಅಂತೀರಾ? ಪೆಟ್ಟು ತಿಂದು ಬಂತು. ಮೊದಲ ಲೋಡು ಹೋದದ್ದು ಜುಲೈಯಲ್ಲಿ, 240 ಬಾಕ್ಸು. ಪುತ್ತೂರಿನ ಮಳೆ ನಿಮಗೆ ಗೊತ್ತಲ್ಲ, ಸಾಗರದವರಿಗೆ ಹೇಳಬೇಕಾ! ಒಣಗಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ ತುಂಬಿಸಿದೆವು. ಎರಡು ತಿಂಗಳ ಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ತಟ್ಟೆಯ ಅಂಚಿಗೆಲ್ಲ ಹಸಿರು ಬೂಷ್ಟು. 60 ಬಾಕ್ಸು ಹಾಳು ಅಂದರು. ಹೌದಾ ಅಲ್ಲವಾ ಅಂತ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ದುಡ್ಡು ಬಿಟ್ಟೆವು.

ಆಮೇಲೆ ತೇವ ಅಳೆಯುವ ಒಂದು ಮಾಯಿಶ್ಚರ್ ಮೀಟರ್ ತಂದೆವು. ಈಗ ಪ್ರತಿ ಬಾಕ್ಸಿನ ಮೇಲೆ ಮಾರ್ಕರಿನಲ್ಲಿ ನಂಬರು. ಮುಚ್ಚುವ ಮೊದಲು ಒಳಗಿನ ಒಂದು ತಟ್ಟೆಗೆ ಮೀಟರ್ ಹಿಡಿದು, ಅಂಕಿಯೂ ಬಾಕ್ಸಿನ ನಂಬರೂ ಒಟ್ಟಿಗೆ ಕಾಣುವ ಹಾಗೆ ಫೋಟೋ. ತೇವ 10 ಪರ್ಸೆಂಟಿನ ಮೇಲೆ ಬಂದರೆ ವಾಪಸ್ ಒಣಗಲು. ಫೋಟೋ ಎಲ್ಲ ಗೂಗಲ್ ಡ್ರೈವ್‌ನಲ್ಲಿ ಆ ಇನ್‌ವಾಯ್ಸಿನ ಹೆಸರಿನ ಫೋಲ್ಡರಿಗೆ ಹೋಗುತ್ತದೆ, ಲಿಂಕ್ ಗಿರಾಕಿಗೆ. ಈ ಕೆಲಸ ನಾದಿನಿಯದ್ದು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಒಂದು ಸಲ 117ನೇ ಬಾಕ್ಸು ಒದ್ದೆ ಅಂತ ದೂರು ಬಂತು. ನಮ್ಮ ಫೋಟೋದಲ್ಲಿ 8.5. ಅವರೇ ಹುಡುಕಿ ನೋಡಿದರು, ಅವರ ಗೋಡೌನಿನ ಮಾಡು ಸೋರುತ್ತಿತ್ತು. ಮುಂದಿನ ಆರ್ಡರ್ ಎರಡು ಪಟ್ಟು ಬಂತು. 45,000ದ ವೆಬ್‌ಸೈಟ್ ಈ ಕೆಲಸ ಮಾಡುತ್ತದಾ ಹೇಳಿ.

ಇನ್ನೊಂದು. ದುಡ್ಡಿನ ವಿಷಯ ಮೇಲ್ ಒಂದನ್ನೇ ನಂಬಿ ಮಾಡಬೇಡಿ. ಒಮ್ಮೆ "ನಿಮ್ಮ ಬ್ಯಾಂಕ್ ಯಾಕೆ ಬದಲಾಯಿಸಿದಿರಿ?" ಅಂತ ಗಿರಾಕಿ ವಾಟ್ಸಾಪ್‌ನಲ್ಲಿ ಕೇಳಿದ. ನಾವು ಬದಲಾಯಿಸಿಯೇ ಇಲ್ಲ! ನಮ್ಮ ಹೆಸರಿನಲ್ಲಿ ಯಾರೋ ಮೇಲ್ ಹಾಕಿದ್ದರು. ಮೇಲ್ ಐಡಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಜಾಗದಲ್ಲಿ 1 ಅನ್ನುವ ಅಂಕಿ. ಇನ್‌ವಾಯ್ಸಿನ ನಮೂನೆಯೂ ನಮ್ಮದೇ ಥರ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಈಗ ಖಾತೆ ನಂಬರು ಬದಲಾದರೆ ವಿಡಿಯೋ ಕಾಲ್‌ನಲ್ಲಿ ಮುಖ ನೋಡಿ ಹೇಳುವುದು ಅಂತ ಒಪ್ಪಂದ.

ಬಂದರಿನವನು:

ಮಂಗಳೂರಿನಲ್ಲಿ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಕ್ಕ ಹೇಳಿದ್ದು ಸರಿ. ಕಾಗದದ ಬಗ್ಗೆ ನನ್ನದು ನಾಲ್ಕು ಮಾತು.

ಐಇಸಿಗೆ 8,000 ಕೊಡಬೇಡಿ. ಕೇಂದ್ರ ಸರಕಾರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯ ಸೈಟಿನಲ್ಲಿ ನೀವೇ ಮಾಡಬಹುದು, ಸರಕಾರಿ ಶುಲ್ಕ 500 ರೂಪಾಯಿ. ಪ್ಯಾನ್, ಬ್ಯಾಂಕ್ ವಿವರ ಇದ್ದರೆ ಆಯಿತು. ವರ್ಷಕ್ಕೊಮ್ಮೆ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ ಸೈ. ಮರೆತರೆ ಕೋಡ್ ನಿಷ್ಕ್ರಿಯ ಆಗುತ್ತದೆ. ಲಾರಿ ಗೇಟಿಗೆ ಬಂದ ಮೇಲೆ ಇದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ್ದೇನೆ. ಜಿಎಸ್‌ಟಿ ಕಟ್ಟದೆ ಕಳಿಸಬೇಕಾದರೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಡಬೇಕು, ಅದು ಪ್ರತಿ ಹಣಕಾಸು ವರ್ಷಕ್ಕೆ ಹೊಸದು. ರಫ್ತಿನ ದುಡ್ಡು ಬರುವ ಬ್ಯಾಂಕಿನ ಎಡಿ ಕೋಡನ್ನು (ಬ್ಯಾಂಕಿನ ಗುರುತು ನಂಬರು) ಕಸ್ಟಮ್ಸ್‌ನವರ ಸೈಟ್ ಐಸ್‌ಗೇಟ್‌ನಲ್ಲಿ ನೋಂದಾಯಿಸಿಕೊಳ್ಳಿ. ದುಡ್ಡು ಬಂದಾಗ ಯಾವ ಶಿಪ್ಪಿಂಗ್ ಬಿಲ್ಲಿನದ್ದು (ಸರಕು ಕಳಿಸುವಾಗ ಕಸ್ಟಮ್ಸ್‌ಗೆ ಕೊಡುವ ದಾಖಲೆ) ಅಂತ ಬ್ಯಾಂಕಿಗೆ ತಿಳಿಸಿ. ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಆ ಬಿಲ್ ಬಾಕಿ ಅಂತಲೇ ತೋರಿಸುತ್ತಿರುತ್ತದೆ.

ಸ್ಯಾಂಪಲ್‌ಗೆ ದೊಡ್ಡ ಕೊರಿಯರ್ ಬೇಡ. ಅಂಚೆ ಇಲಾಖೆಯ ರಫ್ತು ಕೇಂದ್ರ, ಅಂದರೆ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಕಳಿಸಬಹುದು, ಕಾಗದಪತ್ರ ಆನ್‌ಲೈನಿನಲ್ಲೇ ಮುಗಿಯುತ್ತದೆ.

ಸಾಗರದ ಹಾಳೆ:

ಅಕ್ಕ, ಬಂದರಿನ ಸಾರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನ್ಯೂಜೆರ್ಸಿಯವರಿಗೆ ಎಫ್‌ಡಿಎ ವಿಷಯ ಕೇಳಿದೆ. "ಇನ್‌ವಾಯ್ಸಿನಲ್ಲಿ ಅಲಂಕಾರದ ವಸ್ತು ಅಂತ ಬರೆಯಿರಿ, ಏನೂ ಆಗಲ್ಲ" ಅಂದರು. ಹಾಗೆ ಮಾಡಬಹುದಾ?

ಬಂದರಿನವನು:

ಬೇಡವೇ ಬೇಡ. ಶಿಪ್ಪಿಂಗ್ ಬಿಲ್ಲಿನಲ್ಲಿ ಇರುವುದು ನಿಮ್ಮ ಐಇಸಿ, ನಿಮ್ಮ ಹೆಸರು. ಅವರದ್ದಲ್ಲ.

ಪುತ್ತೂರಿನ ಅಕ್ಕ:

ಹಾಗೆ ಹೇಳಿಕೊಡುವ ಗಿರಾಕಿ ದುಡ್ಡು ಕೊಡುವಾಗಲೂ ಹಾಗೆಯೇ. ಬಿಟ್ಟುಬಿಡಿ. ಯುರೋಪಿನ ಕಡೆ ನೋಡಿ, ಆದರೆ ಅಲ್ಲೂ ಲ್ಯಾಬ್ ರಿಪೋರ್ಟ್ ಕೇಳುತ್ತಾರೆ. ಜರ್ಮನಿಯವರಾದರೆ ಎಲ್‌ಎಫ್‌ಜಿಬಿ ಟೆಸ್ಟ್ (ಊಟ ತಗಲುವ ವಸ್ತು ಸುರಕ್ಷಿತವಾ ಅಂತ ನೋಡುವುದು). ವೆಬ್‌ಸೈಟಿನ ದುಡ್ಡನ್ನು ಅದಕ್ಕೆ ಎತ್ತಿಡಿ. ನಿಯಮ ಅಲ್ಲಿಯೂ ಬದಲಾಗಬಹುದು, ಗಿರಾಕಿಯ ಹತ್ತಿರ ಪ್ರತಿ ಆರ್ಡರಿಗೂ ಬರಹದಲ್ಲಿ ಕೇಳಿ.

ಸಾಗರದ ಹಾಳೆ:

ಸರಿ ಅಕ್ಕ, ಬಿಟ್ಟೆ. ವೆಬ್‌ಸೈಟ್‌ನವರಿಗೂ ಬೇಡ ಅಂತ ಹೇಳಿದೆ. ಮಾಯಿಶ್ಚರ್ ಮೀಟರ್ ಆನ್‌ಲೈನಿನಲ್ಲಿ ತರಿಸಿದೆ, ನಿನ್ನೆ ಬಂತು. ಎರಡು ಪಿನ್ ಇರುವುದು. ಅಪ್ಪ ಬೆಳಗಿನಿಂದ ಬಾಗಿಲು, ಮಂಚ, ಕಟ್ಟಿಗೆ ರಾಶಿ, ಎಲ್ಲದಕ್ಕೂ ಹಿಡಿದು ನೋಡುತ್ತಿದ್ದಾರೆ. ತಟ್ಟೆಗೆ ಎಲ್ಲಿ ಹಿಡಿಯಬೇಕು?

ಪುತ್ತೂರಿನ ಅಕ್ಕ:

ನಡುವಿಗಲ್ಲ, ಅಂಚಿನ ದಪ್ಪ ಜಾಗಕ್ಕೆ. ಅಲ್ಲೇ ಕೊನೆಗೆ ಒಣಗುವುದು. ಮತ್ತೆ ಪಿನ್ ಚುಚ್ಚಿದ ತಟ್ಟೆಯನ್ನು ವಾಪಸ್ ಬಾಕ್ಸಿಗೆ ಹಾಕಬೇಡಿ. ನಾವು ಹಾಕಿದ್ದೆವು. ಬಾಕ್ಸಿಗೊಂದು ತಟ್ಟೆಗೆ ಹುಳ ಹಿಡಿದಿದೆ ಅಂತ ಜರ್ಮನಿಯಿಂದ ಫೋಟೋ ಬಂದಿತ್ತು.