ಎಲ್ಲದಕ್ಕೂ ಒಂದೇ ರಿಮೋಟ್: ಹೋಮ್ ಥಿಯೇಟರ್‌ಗೆ ಹೊಂದಿಸಿದವರ ಅನುಭವಗಳು

ಪ್ರಶ್ನೆ

ಟಿ.ವಿ., ಎ.ವಿ. ರಿಸೀವರ್ (ಎಲ್ಲ ಉಪಕರಣಗಳ ಸದ್ದನ್ನು ಸ್ಪೀಕರಿಗೆ ಕೊಡುವ ಪೆಟ್ಟಿಗೆ), ಬ್ಲೂ-ರೇ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್, ಜೊತೆಗೆ ಟಿ.ವಿ.ಯ ಹಿಂಬದಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್. ಐದಕ್ಕೂ ಐದು ರಿಮೋಟ್. ಬೇರೆ ರಿಮೋಟಿನಿಂದ ಕಲಿಯಬಲ್ಲ ಯೂನಿವರ್ಸಲ್ ರಿಮೋಟ್ ಒಂದನ್ನು ತಂದಿದ್ದೇನೆ. ಕೋಡ್ ಹಾಕಿದ ಮೇಲೆ ಟಿ.ವಿ. ಸರಿಯಾಗಿ ಕೇಳುತ್ತದೆ. ರಿಸೀವರ್‌ನಲ್ಲಿ ಪವರ್ ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಎಲ್ಲವನ್ನೂ ಒಂದೇ ಗುಂಡಿಯಿಂದ ಆನ್ ಮಾಡಲು ಮ್ಯಾಕ್ರೊ (ಒಂದರ ಹಿಂದೊಂದು ಹೊರಡುವ ಆದೇಶಗಳ ಸರಣಿ) ಹೊಂದಿಸಿದರೆ ಕೆಲವೊಮ್ಮೆ ಒಂದು ಆನ್ ಆಗುತ್ತದೆ, ಇನ್ನೊಂದು ಆಫ್ ಆಗುತ್ತದೆ. ಸ್ಟಿಕ್ ಅಂತೂ ಯಾವುದಕ್ಕೂ ಜಗ್ಗುವುದಿಲ್ಲ. ಹಗಲಿನಲ್ಲಿ ನನ್ನ ತಾಯಿ ಒಬ್ಬರೇ ಇರುತ್ತಾರೆ. ಅವರು ಯಾರನ್ನೂ ಕೇಳದೆ ಸಿನಿಮಾ ಹಾಕಿಕೊಳ್ಳುವಂತೆ ಆಗಬೇಕೆಂಬುದು ನನ್ನ ಆಸೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಮ್ಯಾಕ್ರೊ ಕೆಡುತ್ತಿರುವುದಕ್ಕೆ ಹೊಸ ರಿಮೋಟ್ ಕಾರಣವಲ್ಲ, ಪವರ್ ಸಂಕೇತದ ಸ್ವಭಾವ ಕಾರಣ. ಹೆಚ್ಚಿನ ಉಪಕರಣಗಳ ರಿಮೋಟಿನಲ್ಲಿ ಪವರ್‌ಗೆ ಇರುವುದು ಒಂದೇ ಸಂಕೇತ. ಆಫ್ ಆಗಿದ್ದರೆ ಅದು ಆನ್ ಮಾಡುತ್ತದೆ, ಆನ್ ಆಗಿದ್ದರೆ ಆಫ್ ಮಾಡುತ್ತದೆ. ಅತಿಗೆಂಪು (ಕಣ್ಣಿಗೆ ಕಾಣದ ಬೆಳಕಿನಲ್ಲಿ ಸಂಕೇತ ಕಳಿಸುವ) ರಿಮೋಟ್ ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಎದುರಿನ ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಯಾರಾದರೂ ಟಿ.ವಿ.ಯೊಂದನ್ನೇ ಅದರ ಸ್ವಂತ ರಿಮೋಟಿನಿಂದ ಆಫ್ ಮಾಡಿ ಎದ್ದುಹೋದರೆ ಸಾಕು, ಮುಂದಿನ ಸಲ ಎಲ್ಲವೂ ಅದಲು ಬದಲು.

ಗಟ್ಟಿ ಪರಿಹಾರವೆಂದರೆ ಡಿಸ್ಕ್ರೀಟ್ ಕೋಡ್: ಆನ್‌ಗೆ ಒಂದು, ಆಫ್‌ಗೆ ಇನ್ನೊಂದು. ಸ್ವಂತ ರಿಮೋಟಿನಲ್ಲಿ ಅಂತಹ ಗುಂಡಿ ಇಲ್ಲದಿದ್ದರೂ ಅನೇಕ ಟಿ.ವಿ.ಗಳು ಮತ್ತು ರಿಸೀವರ್‌ಗಳು ಒಳಗೊಳಗೇ ಈ ಸಂಕೇತಗಳನ್ನು ಗುರುತಿಸುತ್ತವೆ. ಇವು ಸಾಮಾನ್ಯವಾಗಿ ‘ಪ್ರಾಂಟೊ ಹೆಕ್ಸ್’ ರೂಪದಲ್ಲಿ ಸಿಗುತ್ತವೆ. ಫಿಲಿಪ್ಸ್ ಕಂಪನಿಯ ಪ್ರಾಂಟೊ ರಿಮೋಟಿನಿಂದ ಬಂದ ಬರವಣಿಗೆಯ ಕ್ರಮ ಅದು. ನಿಮ್ಮ ರಿಮೋಟಿಗೆ ಕಂಪ್ಯೂಟರ್ ಅಥವಾ ಮೊಬೈಲ್ ಆ್ಯಪ್ ಮೂಲಕ ಕೋಡ್ ತುಂಬುವ ಸೌಲಭ್ಯವಿದ್ದರೆ ಇವನ್ನು ನೇರವಾಗಿ ಹಾಕಬಹುದು. ಇನ್‌ಪುಟ್ ಬದಲಾವಣೆಗೂ ಇದೇ ನಿಯಮ. ‘ಸೋರ್ಸ್’ ಗುಂಡಿಯನ್ನು ಇಷ್ಟು ಸಲ ಒತ್ತು ಎಂದು ಮ್ಯಾಕ್ರೊದಲ್ಲಿ ಎಂದಿಗೂ ಬರೆಯಬೇಡಿ. ‘ಎಚ್‌ಡಿಎಂಐ 2’ಕ್ಕೆ ನೇರವಾಗಿ ಹೋಗುವ ಸಂಕೇತವನ್ನೇ ಹುಡುಕಿ.

ಡಿಸ್ಕ್ರೀಟ್ ಕೋಡ್ ಸಿಗದಿದ್ದರೆ ಹಳೆಯ ಉಪಾಯವೊಂದಿದೆ. ಕೆಲವು ಟಿ.ವಿ.ಗಳು ಅಂಕಿಯ ಗುಂಡಿ ಒತ್ತಿದರೂ ಆನ್ ಆಗುತ್ತವೆ. ಮೊದಲೇ ಆನ್ ಆಗಿದ್ದರೆ ಬರೀ ಚಾನೆಲ್ ಬದಲಾಗುತ್ತದೆ, ಆಫ್ ಆಗುವುದಿಲ್ಲ. ಆನ್ ಮ್ಯಾಕ್ರೊದಲ್ಲಿ ಪವರ್ ಬದಲು 1 ಒತ್ತಿಸಿ. ಆಫ್ ಮ್ಯಾಕ್ರೊದಲ್ಲಿ 1, ಕೆಲವು ಸೆಕೆಂಡುಗಳ ಬಿಡುವು, ಆಮೇಲೆ ಪವರ್. ಟಿ.ವಿ. ಯಾವ ಸ್ಥಿತಿಯಲ್ಲಿದ್ದರೂ ಕೊನೆಗೆ ಆಫ್ ಆಗಿಯೇ ತೀರುತ್ತದೆ.

ಬಿಡುವು ಎಂದೆನಲ್ಲ, ಜನ ಅತಿ ಹೆಚ್ಚು ಕಡೆಗಣಿಸುವುದು ಅದನ್ನೇ. ಆನ್ ಆದ ಕೂಡಲೇ ರಿಸೀವರ್ ಆದೇಶ ಕೇಳಲು ಸಿದ್ಧವಿರುವುದಿಲ್ಲ. ಆ ಹೊತ್ತಿನಲ್ಲಿ ಕಳಿಸಿದ ಇನ್‌ಪುಟ್ ಸಂಕೇತ ಗಾಳಿಗೆ ಹೋದಂತೆ. ಮೊದಲು ಟಿ.ವಿ., ಆಮೇಲೆ ರಿಸೀವರ್, ನಂತರ ಧಾರಾಳವಾಗಿ ಬಿಡುವು, ಕೊನೆಗೆ ಎರಡರ ಇನ್‌ಪುಟ್. ಮೊದಲಿಗೆ ಬಿಡುವನ್ನು ಹೆಚ್ಚೇ ಇಡಿ. ಎಲ್ಲ ಸರಿಯಾದ ಮೇಲೆ ಕಡಿಮೆ ಮಾಡುತ್ತ ಬನ್ನಿ.

ಉತ್ತರ 2

ರಿಸೀವರ್ ವಿಷಯ ನಾನು ಹೇಳುತ್ತೇನೆ. ಪವರ್ ಮಾತ್ರ ಕೆಲಸ ಮಾಡುತ್ತದೆ ಎಂದರೆ ಅರ್ಧ ಹೊಂದುವ ಕೋಡ್ ಸಿಕ್ಕಿದೆ ಎಂದರ್ಥ. ತಾನಾಗಿ ಕೋಡ್ ಹುಡುಕುವ ವ್ಯವಸ್ಥೆಯಲ್ಲಿ (ಅನೇಕ ‘ಒನ್ ಫಾರ್ ಆಲ್’ ರಿಮೋಟ್‌ಗಳಲ್ಲಿ ಇದು 9-9-1) ನಾವು ಸಾಮಾನ್ಯವಾಗಿ ಪವರ್ ಗುಂಡಿಯಿಂದ ಮಾತ್ರ ಪರೀಕ್ಷಿಸುತ್ತೇವೆ, ಉಪಕರಣ ಆಫ್ ಆದ ಮೊದಲ ಕೋಡಿಗೇ ನಿಂತುಬಿಡುತ್ತೇವೆ. ಅಲ್ಲಿ ನಿಲ್ಲದೆ ವಾಲ್ಯೂಮ್, ಮ್ಯೂಟ್, ಇನ್‌ಪುಟ್ ಎಲ್ಲವನ್ನೂ ಒತ್ತಿ ನೋಡಿ, ಒಂದು ತಪ್ಪಿದರೂ ಪಟ್ಟಿಯ ಮುಂದಿನ ಕೋಡಿಗೆ ಹೋಗಿ. ಇನ್ನೊಂದು ಸಾಧ್ಯತೆಯನ್ನೂ ನೋಡಿ: ಕೆಲವು ರಿಸೀವರ್‌ಗಳಿಗೆ ಎರಡು ಗುರುತುಗಳಿರುತ್ತವೆ. ಸೋನಿ ರಿಸೀವರ್‌ಗಳಲ್ಲಿ ಎವಿ1 ಮತ್ತು ಎವಿ2, ಯಮಾಹಾದಲ್ಲಿ ಐಡಿ1 ಮತ್ತು ಐಡಿ2. ಒಂದೇ ಕೋಣೆಯಲ್ಲಿ ಅದೇ ಕಂಪನಿಯ ಎರಡು ಯಂತ್ರಗಳಿದ್ದಾಗ ಒಂದು ಮಾತ್ರ ಕೇಳಲಿ ಎಂಬುದಕ್ಕಾಗಿ ಮಾಡಿದ ಏರ್ಪಾಡು ಅದು. ಕೋಡ್ ಒಂದು ಗುರುತಿಗೆ, ಯಂತ್ರ ಇನ್ನೊಂದಕ್ಕೆ ಹೊಂದಿಕೊಂಡಿದ್ದರೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಇನ್ನು ಕಲಿಸುವ ಕೆಲಸ. ಎರಡೂ ರಿಮೋಟಿಗೆ ಹೊಸ ಬ್ಯಾಟರಿ ಹಾಕಿ, ಮೇಜಿನ ಮೇಲೆ ಮುಖಕ್ಕೆ ಮುಖ ಮಾಡಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಮಲಗಿಸಿ. ಬಿಸಿಲು ಬೀಳುವ ಜಾಗ ಬೇಡ, ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ಕೆಳಗೂ ಬೇಡ. ಅವುಗಳ ಬೆಳಕಿನಲ್ಲಿರುವ ಅತಿಗೆಂಪು ಅಂಶ ಕಲಿಕೆಯನ್ನು ಕೆಡಿಸುತ್ತದೆ.

ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂಬುದಕ್ಕೂ ಕಾರಣವಿದೆ. ಎನ್‌ಇಸಿ ಎಂಬ, ರಿಮೋಟ್ ಸಂಕೇತ ಕಳಿಸುವ ಒಂದು ಪದ್ಧತಿಯಲ್ಲಿ ಪೂರ್ಣ ಸಂಕೇತ, ಅಂದರೆ 32 ಬಿಟ್‌ಗಳ ಮಾಹಿತಿ, ಮೊದಲ ಸಲ ಮಾತ್ರ ಹೊರಡುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿದರೆ ಆಮೇಲೆ ಹೋಗುವುದು ‘ಮತ್ತೆ ಅದೇ’ ಎಂಬ ಚಿಕ್ಕ ಸಂಕೇತ. ಕಲಿಯುವ ರಿಮೋಟ್ ತಯಾರಾಗುವ ಮೊದಲೇ ಒತ್ತಿ ಹಿಡಿದಿದ್ದರೆ ಅದಕ್ಕೆ ಸಿಗುವುದು ಈ ಬಾಲ ಮಾತ್ರ. ಕಲಿಯುವ ರಿಮೋಟಿನ ದೀಪ ಬೆಳಗಿದ ಮೇಲೆಯೇ ಒತ್ತಿ. ಆರ್‌ಸಿ-5 ಎಂಬ ಇನ್ನೊಂದು ಪದ್ಧತಿಯ ತೊಡಕು ಬೇರೆ. ಅಲ್ಲಿ ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಒಂದು ಬಿಟ್ ಬದಲಾಗುತ್ತದೆ. ಇದು ಹೊಸ ಒತ್ತು ಎಂದು ಯಂತ್ರ ತಿಳಿಯುವುದು ಅದರಿಂದಲೇ. ಕಲಿಸಿದ ಸಂಕೇತದಲ್ಲಿ ಆ ಬಿಟ್ ಹೆಪ್ಪುಗಟ್ಟಿರುತ್ತದೆ. ಹಾಗಾಗಿ 11 ಎಂದು ಒತ್ತಿದರೆ ಯಂತ್ರಕ್ಕೆ ಒಂದೇ 1 ಕಾಣಿಸಬಹುದು. ಇಂತಹ ಉಪಕರಣಕ್ಕೆ ಕಲಿಸುವುದನ್ನು ಬಿಟ್ಟು ಒಳಗೇ ಇರುವ ಕೋಡನ್ನು ಬಳಸುವುದು ಉತ್ತಮ.

ಉತ್ತರ 3

ಸ್ಟಿಕ್ ಜಗ್ಗದಿರುವುದು ಸಹಜ. ಉದಾಹರಣೆಗೆ ಫೈರ್ ಟಿ.ವಿ. ಸ್ಟಿಕ್‌ನ ರಿಮೋಟ್ ಸ್ಟಿಕ್ ಜೊತೆ ಮಾತನಾಡುವುದು ಬ್ಲೂಟೂತ್‌ನಲ್ಲಿ. ಟಿ.ವಿ.ಯ ಪವರ್ ಮತ್ತು ವಾಲ್ಯೂಮ್‌ಗೆ ಮಾತ್ರ ಅದು ಅತಿಗೆಂಪನ್ನು ಬಳಸುತ್ತದೆ. ಅತಿಗೆಂಪು ಮಾತ್ರ ಬಲ್ಲ ರಿಮೋಟಿಗೆ ಬ್ಲೂಟೂತ್ ಕಲಿಸಲು ಆಗುವುದಿಲ್ಲ.

ಆದರೆ ಒಂದು ಹಿಂಬಾಗಿಲಿದೆ, ತಂತಿಯಲ್ಲೇ ಉಪಕರಣಗಳು ಒಂದಕ್ಕೊಂದು ಆದೇಶ ಕಳಿಸುವ ವ್ಯವಸ್ಥೆ, ಎಚ್‌ಡಿಎಂಐ-ಸಿಇಸಿ. ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ ಕರೆಯುತ್ತದೆ. ಅದನ್ನು ಆನ್ ಮಾಡಿದರೆ ಟಿ.ವಿ. ತನಗೆ ಬಂದ ಬಾಣದ ಗುಂಡಿಗಳ ಆದೇಶವನ್ನು ಎಚ್‌ಡಿಎಂಐ ತಂತಿಯ ಮೂಲಕ ಸ್ಟಿಕ್‌ಗೆ ದಾಟಿಸುತ್ತದೆ. ಯೂನಿವರ್ಸಲ್ ರಿಮೋಟಿನ ಬಾಣಗಳಿಗೆ ಟಿ.ವಿ.ಯ ಕೋಡ್ ಕೊಟ್ಟರೆ ಸ್ಟಿಕ್ ನಡೆಯುತ್ತದೆ.

ಒಂದು ಮಾತಿನಲ್ಲಿ ಮಾತ್ರ ಮೊದಲ ಉತ್ತರ ಬರೆದವರಿಗಿಂತ ನನ್ನ ಅಭಿಪ್ರಾಯ ಬೇರೆ. ಸಿಇಸಿ ಇದ್ದಾಗ ಟಿ.ವಿ. ಆನ್ ಆದರೆ ರಿಸೀವರ್ ತಾನಾಗಿ ಆನ್ ಆಗುತ್ತದೆ. ಅದರ ಮೇಲೆ ನಿಮ್ಮ ಮ್ಯಾಕ್ರೊ ಮತ್ತೊಂದು ಪವರ್ ಕಳಿಸಿದರೆ ಅದು ಆಫ್ ಆಗುತ್ತದೆ. ಆನ್–ಆಫ್ ಜವಾಬ್ದಾರಿಯನ್ನು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕೊಡಬೇಕು. ನನ್ನ ಮಟ್ಟಿಗೆ ಅದು ಸಿಇಸಿ. ಪವರ್ ಮ್ಯಾಕ್ರೊ ತೆಗೆದುಹಾಕಿದ ಮೇಲೆ ಮನೆಯಲ್ಲಿ ನೆಮ್ಮದಿ.

ಉತ್ತರ 1ರವರಿಂದ ಮತ್ತೆ

ಎಲ್ಲವೂ ಒಂದೇ ಕಂಪನಿಯದಾಗಿದ್ದರೆ ಒಪ್ಪುತ್ತೇನೆ. ಬೇರೆ ಬೇರೆ ಕಂಪನಿಯವಾದರೆ ಸಿಇಸಿ ತಾನೇ ಇನ್‌ಪುಟ್ ಬದಲಾಯಿಸಿ ಗೊಂದಲ ಎಬ್ಬಿಸುವುದನ್ನು ಬಹಳ ಕಂಡಿದ್ದೇನೆ. ಅನೇಕ ಟಿ.ವಿ.ಗಳಲ್ಲಿ ತಾನಾಗಿ ಆನ್–ಆಫ್ ಆಗುವುದನ್ನು ಮಾತ್ರ ನಿಲ್ಲಿಸಿ ಉಳಿದ ಸಿಇಸಿಯನ್ನು ಇಟ್ಟುಕೊಳ್ಳಬಹುದು. ಸ್ಟಿಕ್‌ಗಾಗಿ ಹಾಗೆ ಮಾಡಿ, ಪವರ್ ಡಿಸ್ಕ್ರೀಟ್ ಕೋಡ್‌ಗೆ ಬಿಡಿ.

ಉತ್ತರ 4

ತಾಯಿಯವರ ಬಗ್ಗೆ ಬರೆದಿದ್ದು ಓದಿ ಇದನ್ನು ಹೇಳಲೇಬೇಕೆನಿಸಿತು. ನಮ್ಮ ತಂದೆಯವರಿಗೆ ಕಷ್ಟವಾಗಿದ್ದು ಗುಂಡಿಗಳ ಸಂಖ್ಯೆಯಲ್ಲ, ರಿಮೋಟನ್ನು ಎಷ್ಟು ಹೊತ್ತು ಹಿಡಿದಿರಬೇಕು ಎಂಬುದು. ಮ್ಯಾಕ್ರೊ ಪೂರ್ತಿ ಹೊರಡುವ ಮೊದಲೇ ಅವರು ರಿಮೋಟನ್ನು ಮಡಿಲಲ್ಲಿ ಇಟ್ಟುಬಿಡುತ್ತಿದ್ದರು, ಅರ್ಧ ಆದೇಶ ಯಾರಿಗೂ ತಲುಪುತ್ತಿರಲಿಲ್ಲ. ದೀಪ ಆರುವವರೆಗೂ ಟಿ.ವಿ. ಕಡೆಗೇ ಹಿಡಿದಿರಬೇಕು ಎಂಬ ಒಂದೇ ಪಾಠ ಸಾಕಾಯಿತು. ವಾಲ್ಯೂಮ್ ಯಾವ ಸ್ಥಿತಿಯಲ್ಲೂ ರಿಸೀವರ್‌ಗೇ ಹೋಗುವಂತೆ ಬಿಗಿದಿಡಿ. ಇಲ್ಲದಿದ್ದರೆ ಒಮ್ಮೆ ಟಿ.ವಿ.ಯ ಸದ್ದು, ಒಮ್ಮೆ ರಿಸೀವರ್ ಸದ್ದು ಏರಿ ಅವರು ಗಾಬರಿಯಾಗುತ್ತಾರೆ. ಬಳಸದ ಒಂದು ಗುಂಡಿಗೆ ಪವರ್ ಇಲ್ಲದೆ ಬರೀ ಇನ್‌ಪುಟ್ ಸರಿಮಾಡುವ ಮ್ಯಾಕ್ರೊ ಕೊಟ್ಟು ಬಣ್ಣದ ಚೀಟಿ ಅಂಟಿಸಿ. ಚಿತ್ರ ಬರದಿದ್ದರೆ ಅವರು ಒತ್ತಬೇಕಾದ್ದು ಅದೊಂದೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದನ್ನು ಹೇಳಲು ಬಿಟ್ಟಿದ್ದೆ: ರಿಸೀವರ್ ಮತ್ತು ಸೆಟ್‌ಟಾಪ್ ಬಾಕ್ಸ್ ಮರದ ಬಾಗಿಲಿರುವ ಕಪಾಟಿನೊಳಗಿವೆ. ಬಾಗಿಲು ತೆರೆದೇ ಇಡಬೇಕೇ?

ಉತ್ತರ 2ರವರಿಂದ ಮತ್ತೆ

ಬೇಕಿಲ್ಲ. ಐಆರ್ (ಅತಿಗೆಂಪು) ಎಕ್ಸ್‌ಟೆಂಡರ್ ಎಂದು ಕೇಳಿ. ಅದರ ಪುಟ್ಟ ಕಣ್ಣನ್ನು ಕಪಾಟಿನ ಹೊರಗೆ ಅಂಟಿಸಿ, ತಂತಿಯ ತುದಿಯ ಎಲ್‌ಇಡಿಗಳನ್ನು ಒಳಗಿನ ಒಂದೊಂದು ಉಪಕರಣದ ಅತಿಗೆಂಪು ಕಿಟಕಿಗೆ ಅಂಟಿಸುವುದು. ಕಿಟಕಿ ಎಲ್ಲಿದೆ ಎಂದು ಟಾರ್ಚ್ ಬೆಳಕು ಬಿಟ್ಟರೆ ಕಪ್ಪು ಗಾಜಿನ ಹಿಂದೆ ಕಾಣುತ್ತದೆ. ಎಲ್‌ಇಡಿ ಮಿನುಗುತ್ತಿದೆಯೇ ಎಂದು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ, ಕೆಲವು ಮೊಬೈಲ್‌ಗಳಲ್ಲಿ ಅತಿಗೆಂಪನ್ನು ತಡೆಯುವ ಫಿಲ್ಟರ್ ಮುಂದಿನ ಕ್ಯಾಮೆರಾದಲ್ಲಿ ದುರ್ಬಲವಾಗಿರುತ್ತದೆ. ಬಾಗಿಲು ಮುಚ್ಚಿದರೆ ರಿಸೀವರ್ ಬಿಸಿಯಾಗುತ್ತದೆ, ಕಪಾಟಿನ ಹಿಂಬದಿಯಲ್ಲಿ ಗಾಳಿಯಾಡಲು ಜಾಗವಿರಲಿ. ಕೆಲಸ ಮಾಡಿದ ಕೋಡ್‌ಗಳನ್ನು ಬ್ಯಾಟರಿ ಮುಚ್ಚಳದ ಒಳಬದಿಗೆ ಬರೆದಿಡಿ.