ಏಳು ವಾರದ ಮಗಳಿಗೆ ಸೊಂಟದ ಬೆಲ್ಟು, ಸ್ನಾನಕ್ಕೆ ಬಿಚ್ಚಬಹುದಾ?

ತೀರ್ಥಹಳ್ಳಿ ಬಾಣಂತಿ:
ನನ್ನ ಪಾಪು ಹೊಟ್ಟೆಯಲ್ಲಿ ತಲೆ ಮೇಲಾಗಿ ಇದ್ದಳು, ಅದಕ್ಕೇ ಶಿವಮೊಗ್ಗದಲ್ಲಿ ಸೊಂಟದ ಸ್ಕ್ಯಾನ್ ಮಾಡಿಸಿದರು. ಎಡಗಡೆ ತೊಡೆಮೂಳೆಯ ಗುಂಡು ಗುಳಿಯಲ್ಲಿ ಸರಿಯಾಗಿ ಕೂತಿಲ್ಲವಂತೆ. ಪಾವ್ಲಿಕ್ ಹಾರ್ನೆಸ್ ಅಂತ, ಮಂಡಿ ಮಡಚಿ ತೊಡೆ ಅಗಲವಾಗಿ ಹಿಡಿದಿಡುವ ಪಟ್ಟಿಗಳ ಬೆಲ್ಟು ಹಾಕಿದ್ದಾರೆ, ಹಗಲೂ ರಾತ್ರಿ ಬಿಚ್ಚಬೇಡಿ ಅಂದಿದ್ದಾರೆ. ಇಲ್ಲಿ ಅಮ್ಮನ ಮನೆಯಲ್ಲಿ ದಿನಾ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ, "ಕಾಲು ಎಳೆದು ನೀವಿದರೆ ಸರಿ ಹೋಗುತ್ತೆ, ಕೂಸನ್ನ ಕಪ್ಪೆ ತರ ಕಟ್ಟಿ ಹಾಕಿದ್ದೀರಲ್ಲೇ" ಅಂತ ಕಣ್ಣೀರು ಹಾಕುತ್ತಾರೆ. ಸ್ನಾನಕ್ಕೆ ಒಂದು ಗಳಿಗೆ ಬಿಚ್ಚಿದರೆ ಏನಾಗುತ್ತೆ? ಪಕ್ಕದ ಮನೆಯವರು ಇದು ಹಂದಿಗೋಡು ಕಾಯಿಲೆ ಇರಬಹುದು ಅಂದರು. ಅವತ್ತಿಂದ ನನಗೆ ನಿದ್ದೆ ಇಲ್ಲ.

ಸಾಗರದ ಅಮ್ಮ:
ಮೊದಲು ಆ ಹೆದರಿಕೆ ಬಿಡಿ. ನಮ್ಮ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗೊತ್ತಾಗಿದ್ದು ಮೂಳೆ, ಕೀಲುಗಳ ಬೇರೆಯೇ ಕಾಯಿಲೆ, ವಂಶದಲ್ಲಿ ಬರುವಂಥದ್ದು. ನಿಮ್ಮ ಪಾಪುಗೆ ಆಗಿರುವುದು ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ತಲೆ ಮೇಲಾಗಿದ್ದ ಮಕ್ಕಳಲ್ಲಿ ಜಾಸ್ತಿ.

ನನ್ನ ಮಗಳಿಗೆ ಹನ್ನೆರಡು ವಾರ ಹಾಕಿದ್ದರು. ಡಾಕ್ಟರ್ ಹೇಳುವ ತನಕ ನಾನು ಬಿಚ್ಚಲೇ ಇಲ್ಲ, ನೀವೂ ಅವರನ್ನ ಕೇಳದೆ ಬಿಚ್ಚಬೇಡಿ. ಬಿಸಿನೀರಲ್ಲಿ ಹಿಂಡಿದ ಹಳೇ ಪಂಚೆ ತುಂಡಲ್ಲಿ ಒರೆಸುತ್ತಿದ್ದೆ, ಅದೇ ಸ್ನಾನ. ಮಂಡಿ ಹಿಂದೆ, ತೊಡೆ ಸಂದು, ಕತ್ತಿನ ಮಡಿಕೆ ದಿನಾ ನೋಡಿ, ಈ ಮಳೆಗಾಲದಲ್ಲಿ ತೇವ ನಿಂತು ಬೇಗ ಕೆಂಪಾಗುತ್ತೆ. ಡೈಪರ್ ಬೆಲ್ಟಿನ ಪಟ್ಟಿಗಳ ಒಳಗಡೆ ಬರಬೇಕು. ಬದಲಿಸುವಾಗ ಪಾದ ಹಿಡಿದು ಎತ್ತಬೇಡಿ, ಕುಂಡಿ ಕೆಳಗೆ ಕೈ ಕೊಟ್ಟು ಎತ್ತಿ. ಮೊದಲ ನಾಲ್ಕು ದಿನ ತುಂಬಾ ಅತ್ತಳು, ನಾನೂ ಅತ್ತೆ. ಆಮೇಲೆ ಅಭ್ಯಾಸ ಆಯ್ತು.

ಭದ್ರಾವತಿ ಫಿಸಿಯೋ:
ಆ ಕಪ್ಪೆ ಭಂಗಿಯೇ ಔಷಧಿ. ಮಂಡಿ ಮಡಚಿ ತೊಡೆ ಅಗಲವಾದಾಗ ಗುಂಡು ಗುಳಿಯ ನಡುವೆ ಕೂರುತ್ತೆ, ಗುಳಿ ಅದರ ಸುತ್ತ ಆಳವಾಗಿ ಬೆಳೆಯುತ್ತೆ. ಕಾಲು ಎಳೆದು ನೇರ ಮಾಡಿದರೆ ಗುಂಡು ಮತ್ತೆ ಜಾರಬಹುದು, ಹಾಗಾಗಿ ನೀವುವುದು ಖಂಡಿತ ಬೇಡ. ಕಾಲು ನೀಡಿಸಿ ಬಿಗಿಯಾಗಿ ಬಟ್ಟೆ ಸುತ್ತುವುದೂ ಬೇಡ. ಆರು ತಿಂಗಳೊಳಗೆ ಶುರು ಮಾಡಿದರೆ ಈ ಬೆಲ್ಟು ಚೆನ್ನಾಗಿ ಕೆಲಸ ಮಾಡುತ್ತೆ, ನೀವು ಒಳ್ಳೇ ಹೊತ್ತಲ್ಲಿ ಹಿಡಿದಿದ್ದೀರಿ.

ಒಂದು ಮಾತ್ರ ದಿನಾ ಗಮನಿಸಿ. ಪಾಪು ಮಂಡಿ ಚಾಚಿ ಒದೆಯುವುದು ನಿಲ್ಲಿಸಿದರೆ ತೊಡೆಯ ನರಕ್ಕೆ ಒತ್ತಡ ಬಿದ್ದಿರಬಹುದು, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಪಟ್ಟಿ ಬಿಗಿ, ಸಡಿಲ ನೀವೇ ಮಾಡಬೇಡಿ.

ತೀರ್ಥಹಳ್ಳಿ ಬಾಣಂತಿ:
ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. "ನೀವು ನಮ್ಮನ್ನ ಸೊಂಟದ ಮೇಲೆ ಕೂರಿಸಿಕೊಂಡಾಗ ಕಾಲು ಹೀಗೇ ಇರುತ್ತಿತ್ತು ಅಲ್ವಾ ಅಜ್ಜಿ" ಅಂದೆ. ಸ್ವಲ್ಪ ಹೊತ್ತು ಪಾಪುವನ್ನೇ ನೋಡಿದರು. ಇವತ್ತು ನೆತ್ತಿಗೆ ಮಾತ್ರ ಎಣ್ಣೆ ಒತ್ತಿದ್ದಾರೆ.